ಕೇಳಿಸಿಕೊಂಡವನ ಪಾಡು

ಪವಿತ್ರ ಧರ್ಮಸಭೆಯ ಸುದೀರ್ಘ ಇತಿಹಾಸದಲ್ಲಿ ಮಹಾಸಭೆಗಳು ನೆರೆದಿವೆ, ಸಿಂಹಾಸನಗಳು ಅಲುಗಾಡಿವೆ, ಘನ ಪಂಡಿತರು ಒಬ್ಬರ ಗಡ್ಡಕ್ಕೆ ಒಬ್ಬರು ಕೈ ಹಾಕುವುದೊಂದನ್ನು ಬಿಟ್ಟು ಉಳಿದೆಲ್ಲ ವಿಧದಲ್ಲೂ ವಾದಿಸಿದ್ದಾರೆ. ಆ ಸಾಲಿನಲ್ಲಿ ಗೌರವದಿಂದ ಸೇರಿಸಬೇಕಾದ ಇನ್ನೊಂದು ಸಂಗತಿಯಿದೆ. ಈ ಧರ್ಮಕೇಂದ್ರದ ಪಾಪನಿವೇದನೆಯ ಗೂಡಿನಲ್ಲಿ ಧರ್ಮಗುರುಗಳು ಕೂರುವ ಕುರ್ಚಿ ಕಿರುಗುಟ್ಟುತ್ತಿತ್ತು.

ಕುರ್ಚಿ ಕಿರುಗುಟ್ಟಿದರೇನು, ನಾಲ್ಕು ಹನಿ ಎಣ್ಣೆ ಬಿಟ್ಟರಾಯಿತು ಎನ್ನುವವರಿಗೆ ಸಮುದಾಯವೆಂದರೇನೆಂದು ತಿಳಿಯದು. ಗುರುಗಳು ಭಾರಿ ಆಳು. ಅವರು ಒಂದು ಮಗ್ಗುಲಿಂದ ಇನ್ನೊಂದಕ್ಕೆ ವಾಲಿದರೆ ಆ ಕುರ್ಚಿ ಕಟ್ಟಕಡೆಯ ಬೆಂಚಿಗೂ ಕೇಳಿಸುವಂತೆ ಕಿರ್ರ್ ಎನ್ನುತ್ತಿತ್ತು. ಸರದಿಗಾಗಿ ಕಾದು ಕೂತವರು ಜಪಸರದ ಮಣಿ ಎಣಿಸುವಂತೆ ನಟಿಸುತ್ತ ಆ ಕಿರ್ರುಗಳನ್ನು ಎಣಿಸುತ್ತಿದ್ದರು. ಸಣ್ಣ ಪಾಪಕ್ಕೆ ಗುರುಗಳು ಅಲುಗುವುದಿಲ್ಲ, ದೊಡ್ಡದಕ್ಕೆ ಮಾತ್ರ ಅಲುಗುತ್ತಾರೆ ಎಂಬುದು ಯಾವ ಧರ್ಮಬೋಧೆಯಲ್ಲೂ ಇಲ್ಲದಿದ್ದರೂ ಎಲ್ಲರೂ ನಂಬಿದ್ದ ಸತ್ಯ. ಔಷಧಿ ಅಂಗಡಿಯ ವಿಧವೆಗೆ ಒಮ್ಮೆ ಉದ್ದನೆಯ ಕಿರ್ರೊಂದು ಬಂದದ್ದೇ ತಡ, ಕೆಮ್ಮಿನ ಔಷಧಿಗೆ ಬಂದವರೆಲ್ಲ ವಾರವಿಡೀ ಬಾಟಲಿಯ ಬದಲು ಆಕೆಯ ಮುಖವನ್ನೇ ಓದಿದರು. ಮದುವೆ ನಿಶ್ಚಯವಾಗಿದ್ದ ಹುಡುಗನೊಬ್ಬನಿಗೆ ಒಂದರ ಹಿಂದೊಂದು ಬಂದು, ಹುಡುಗಿಯ ಸೋದರಮಾವ "ಸ್ವಲ್ಪ ಯೋಚನೆ ಮಾಡೋಣ" ಎಂದುಬಿಟ್ಟ. ಆ ದಿನ ಗುರುಗಳಿಗೆ ಸೊಂಟ ಉಳುಕಿತ್ತೆಂದು ಗೊತ್ತಾಗುವ ಹೊತ್ತಿಗೆ ಎರಡೂ ಮನೆಯವರು ಮಾತು ಬಿಟ್ಟಿದ್ದರು.

ದೂರು ಇನ್ನೊಂದು ದಿಕ್ಕಿನಿಂದಲೂ ಬಂತು. ಬಡಗಿಯ ತಾಯಿ, ಎಂಬತ್ತು ದಾಟಿದ ಮುದುಕಿ, ಪೂಜೆ ಮುಗಿದ ಮೇಲೆ ಬಾಗಿಲಲ್ಲೇ ಗುರುಗಳನ್ನು ತಡೆದು ನಿಲ್ಲಿಸಿದಳು.

"ಇಷ್ಟು ವರ್ಷ ಪಾಪ ಹೇಳ್ಕೊಂಡಿದೀನಿ. ಒಂದ್ಸಲನಾದ್ರೂ ಅದು ಕಿರ್ ಅಂದಿದ್ಯಾ? ನಾನೇನು ಮನುಷ್ಯಳಲ್ವಾ?"

ಪಾಲನಾ ಮಂಡಳಿ ತುರ್ತಾಗಿ ಸೇರಿ, ಸಾಕಷ್ಟು ಚರ್ಚಿಸಿ, ಬಡಗಿಯನ್ನು ಕರೆಸಬೇಕೆಂದು ಒಮ್ಮತದಿಂದ ತೀರ್ಮಾನಿಸಿತು. ಬಡಗಿ ಆ ಸಭೆಯಲ್ಲೇ ಎರಡನೇ ಸಾಲಿನಲ್ಲಿ ಕೂತಿದ್ದ. ಆದರೂ ಅವನಿಗೆ ಹೇಳಿಕಳಿಸಲಾಯಿತು.

ಬಡಗಿ ಆ ವಾರ ನೆಲದ ಮೇಲಿರಲಿಲ್ಲ. ಬರುವ ಭಾನುವಾರ ಅವನ ಮದುವೆಗೆ ಇಪ್ಪತ್ತೈದು ವರ್ಷ. ಪೂಜೆಯ ನಡುವೆ ಗಂಡಹೆಂಡತಿ ಮತ್ತೆ ಕೈಹಿಡಿದು ವಾಗ್ದಾನ ಹೇಳಬೇಕು. ಪರಮಪ್ರಸಾದದ ನಂತರ ಅವನು ಒಬ್ಬನೇ ನಿಂತು ಮೂರು ಚರಣದ ಕೀರ್ತನೆಯೊಂದನ್ನು ಹಾಡಬೇಕು. ಇದು ಅವನೇ ಕೇಳಿ ಪಡೆದ ವರ. ಹರೆಯದಿಂದಲೂ ಅವನು ಗಾನವೃಂದದ ಹಿಂದಿನ ಸಾಲಿನವನು. ಗಾನಮೇಷ್ಟ್ರು ಅವನತ್ತ ನೋಡಿದಾಗಲೆಲ್ಲ ಅಂಗೈಯನ್ನು ಕೆಳಕ್ಕೆ ಒತ್ತುವಂತೆ ಆಡಿಸುತ್ತಿದ್ದರು. ಅದು ತಾಳ ಹಾಕುವ ಅವರ ಶೈಲಿಯೆಂದು ಬಡಗಿ ತಿಳಿದಿದ್ದ. ತನ್ನ ಕಂಠ ದೇವರ ಕೊಡುಗೆ ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಯಾಕೆಂದರೆ ಪ್ರತಿ ಭಾನುವಾರ ಮನೆಗೆ ನಡೆದು ಹೋಗುವಾಗ ಅವನು "ಹೇಗಿತ್ತು?" ಎಂದು ಕೇಳುತ್ತಿದ್ದ, ಹೆಂಡತಿ "ಜೇನು" ಎನ್ನುತ್ತಿದ್ದಳು. ಹೆಂಡತಿ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುವವಳು. ಅವಳು ಒತ್ತಿದ ಮೇಲೆ ಮುಗಿಯಿತು.

ಅದರ ಮೇಲೆ ಈ ವಾರ ಅವಳ ಪ್ರೀತಿ ಉಕ್ಕಿ ಹರಿಯುತ್ತಿತ್ತು. ಕೆಲಸದಿಂದ ಬಂದು ಚಪ್ಪಲಿ ಬಿಡುವುದರೊಳಗೆ ಐಸ್ ತುಂಡು ತೇಲುವ ನೀರಿನ ಲೋಟ ಕೈಗೆ. ಊಟದ ನಂತರ ಐಸ್‌ಕ್ರೀಮ್, ಅದೂ ಕೇಳದೆ. ಮಲಗುವಾಗ ಅವನ ಮಗ್ಗುಲಿನ ಕಿಟಕಿಯನ್ನು ತಾನೇ ತೆರೆದು, "ತಂಪು ಗಾಳಿ ಬರಲಿ ನಿಮಗೆ" ಎನ್ನುತ್ತಿದ್ದಳು. ಬಡಗಿ ಮಾರನೆಯ ದಿನ ಹತ್ತರಿ ಹಿಡಿದು ಗುನುಗುತ್ತ ಗುನುಗುತ್ತ, ಯಾರದೋ ಮನೆಯ ಬಾಗಿಲನ್ನು ಅದು ಕಿಟಕಿಗೆ ಮಾತ್ರ ಹೊಂದುವಷ್ಟು ಉಜ್ಜಿಹಾಕಿದ. ಇಪ್ಪತ್ತೈದು ವರ್ಷದ ಮೇಲೆ ಹೀಗೂ ಉಂಟೇ ಎಂದು ತನ್ನಷ್ಟಕ್ಕೇ ನಕ್ಕ.

ಬುಧವಾರ ಅವನು ಶಾಲೆಯೊಂದರ ಕಪಾಟು ಜೋಡಿಸಲು ಹೋಗಬೇಕಿತ್ತು. ಮರ ಬಂದಿರಲಿಲ್ಲ. ಸರಿ, ಕುರ್ಚಿಯನ್ನಾದರೂ ಮುಗಿಸೋಣವೆಂದು ಮಧ್ಯಾಹ್ನದ ಹೊತ್ತಿಗೆ ಚೀಲ ಹಿಡಿದು ದೇವಾಲಯಕ್ಕೆ ಬಂದ. ಒಳಗೆ ನರಪಿಳ್ಳೆಯಿರಲಿಲ್ಲ. ಗೂಡಿನೊಳಗೆ ಹೊಕ್ಕು, ಕುರ್ಚಿಯನ್ನು ಮಗುಚಿ, ಸಡಿಲವಾದ ಕಾಲು ಯಾವುದೆಂದು ಕಂಡುಹಿಡಿದು, ಬೆಣೆ ಹೊಡೆದು, ಮತ್ತೆ ನಿಲ್ಲಿಸಿದ. ಇನ್ನು ಕೂತು ಪರೀಕ್ಷಿಸಬೇಕು. ಸದ್ದು ಸರಿಯಾಗಿ ಕೇಳಬೇಕಾದರೆ ಬಾಗಿಲು ಮುಚ್ಚಿರಬೇಕು. ಮುಚ್ಚಿದ.

ಆ ಗೂಡಿನದೊಂದು ವ್ಯವಸ್ಥೆ: ಗುರುಗಳ ಕಡೆಯ ಬಾಗಿಲು ಮುಚ್ಚಿದರೆ ಮೇಲೆ ಒಂದು ಪುಟ್ಟ ಹಸಿರು ದೀಪ ತಾನಾಗಿಯೇ ಹೊತ್ತುತ್ತದೆ. ಗುರುಗಳು ಕೂತಿದ್ದಾರೆ, ಬನ್ನಿ ಎಂದರ್ಥ. ಒಳಗೆ ಕೂತವರಿಗೆ ಆ ದೀಪ ಕಾಣುವುದಿಲ್ಲ. ಬಡಗಿ ಮೊಳೆಗಳನ್ನು ತುಟಿಗಳ ನಡುವೆ ಹಿಡಿದು, ಬಡಗಿಗಳೆಲ್ಲ ಹಿಡಿಯುವ ಹಾಗೆ, ಕೊಡತಿಯನ್ನು ತೊಡೆಯ ಮೇಲಿಟ್ಟುಕೊಂಡು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತಿದ್ದಾಗ, ಜಾಲರಿಯ ಆಚೆ ಮೊಣಕಾಲೂರುವ ಸದ್ದಾಯಿತು.

"ಫಾದರ್, ನನ್ನನ್ನ ಆಶೀರ್ವದಿಸಿ, ನಾನು ಪಾಪ ಮಾಡಿದ್ದೀನಿ."

ಹೆಂಡತಿಯ ದನಿ.

ಆಗಲೇ ಅವನು ಏನಾದರೂ ಹೇಳಬೇಕಿತ್ತು. ಆದರೆ ಬಾಯಲ್ಲಿ ಮೊಳೆ. ಒಂದೊಂದಾಗಿ ತೆಗೆದು ಅಂಗೈಗೆ ಹಾಕಿಕೊಳ್ಳುವಷ್ಟರಲ್ಲಿ ಅವಳು, ಕೌಂಟರಿನ ಮುಂದೆ ಸಾಲು ಉದ್ದವಿದ್ದಾಗ ಮಾತಾಡುವ ಅದೇ ವೇಗದಲ್ಲಿ, ಶುರು ಮಾಡಿಯಾಗಿತ್ತು.

"ಅತ್ತೆ ಹತ್ರ ಆಗಾಗ ಸುಳ್ಳು ಹೇಳಿದೀನಿ, ಮನೆ ಶಾಂತಿಗೋಸ್ಕರ. ಕಚೇರೀಲಿ ಒಬ್ಬ ಜಗಳಗಂಟನ ಪಾರ್ಸೆಲ್ ಮೇಲೆ ಬೇಕೂಂತ್ಲೇ ಜೋರಾಗಿ ಮುದ್ರೆ ಗುದ್ದಿದೆ, ಒಳಗೆ ಏನೋ ಒಡೀತು. ಇವೆಲ್ಲ ಚಿಲ್ಲರೆ. ದೊಡ್ಡದು ಒಂದಿದೆ. ನಮ್ಮೆಜಮಾನರ ದನಿ."

ಬಡಗಿ ಕೊನೆಯ ಮೊಳೆಯನ್ನು ತೆಗೆಯಲು ಹೋದ ಕೈಯನ್ನು ಹಾಗೇ ನಿಲ್ಲಿಸಿದ. ನಿಲ್ಲಿಸಬಾರದಿತ್ತು. ಆದರೆ ತನ್ನ ದನಿಯ ಬಗ್ಗೆ ಇನ್ನೊಬ್ಬರ ಹತ್ತಿರ ಹೆಂಡತಿ ಏನು ಹೇಳುತ್ತಾಳೆಂದು ಕೇಳದೆ ಎದ್ದು ಹೋಗುವ ಗಂಡ ಇನ್ನೂ ಹುಟ್ಟಿಲ್ಲ.

"ನೀವೂ ಕೇಳಿದೀರಲ್ಲ ಫಾದರ್. ತಗಡನ್ನ ರಸ್ತೆ ಮೇಲೆ ಎಳ್ಕೊಂಡು ಹೋದ ಹಾಗೆ. ಮದುವೆಯಾದ ಹೊಸದ್ರಲ್ಲಿ ಹೇಗಿತ್ತು ಅಂತ ಕೇಳಿದ್ರು. ಹೊಸ ಗಂಡ, ಪಾಪ ಅಂತ ಜೇನು ಅಂದೆ. ಒಂದ್ಸಲ ಅಂದ್ರೆ ಮುಗೀತಾ? ಪ್ರತಿ ಭಾನುವಾರ ಕೇಳಿದ್ರು. ಪ್ರತಿ ಭಾನುವಾರ ಜೇನು ಅಂದೆ. ಅಷ್ಟು ಜೇನು ಯಾವ ಹುಳಾನೂ ಮಾಡಿರಲ್ಲ."

ಅವಳು ಉಸಿರು ತೆಗೆದುಕೊಂಡಳು.

"ಈಗ ಭಾನುವಾರ ಒಬ್ರೇ ಹಾಡ್ತಾರಂತೆ. ನಮ್ಮಕ್ಕ ಬರ್ತಾಳೆ. ಅವಳ ಗಂಡ ಮಾತಾಡಿದ್ರೇ ಹಾಡಿದ ಹಾಗಿರತ್ತೆ, ಅದು ಬೇರೆ. ಇವರ ಗಂಟಲು ಕಟ್ಟಲಿ ಅಂತ ಒಂಬತ್ತು ದಿನ ಬಿಡದೆ ಪ್ರಾರ್ಥನೆ ಮಾಡಿದೆ. ದೇವರು ಕಿವಿಗೇ ಹಾಕ್ಕೊಳ್ಳಲಿಲ್ಲ. ಹಿಂದಿನ ಸಾಲಿನವರದ್ದು ಅವನಿಗೂ ಸರಿಯಾಗಿ ಕೇಳಿಲ್ಲ ಅನ್ಸುತ್ತೆ. ಅದಕ್ಕೆ ನಾನೇ ಕೈ ಹಾಕಿದೆ. ಐಸ್ ನೀರು ಕೊಟ್ಟೆ. ಐಸ್‌ಕ್ರೀಮ್ ಕೊಟ್ಟೆ. ಕಿಟಕಿ ತೆಗೆದಿಟ್ಟೆ. ಏನು ಕೊಟ್ರೂ ದನಿ ಇನ್ನೂ ಜೋರಾಗ್ತಾನೇ ಇದೆ ಫಾದರ್."

ಇಲ್ಲಿಗೆ ಬಡಗಿಯ ತೊಡೆಯ ಮೇಲಿನ ಕೊಡತಿ ಜಾರಿ ಹಲಗೆಯ ಮೇಲೆ ಬಿತ್ತು. ಖಾಲಿ ದೇವಾಲಯದಲ್ಲಿ ಆ ಸದ್ದು ಗುಡುಗಿನಂತೆ ಸುತ್ತಿ ಬಂತು.



"ಕೋಪ ಬಂತಾ ಫಾದರ್," ಎಂದಳು ಹೆಂಡತಿ ಸಣ್ಣಗೆ. "ಬರಬೇಕಾದ್ದೇ. ನೀವೇನೂ ಹೇಳ್ಬೇಡಿ, ನನಗೆ ಅರ್ಥ ಆಯ್ತು. ಇವತ್ತಿಂದ ಐಸ್ ಇಲ್ಲ, ಸುಳ್ಳೂ ಇಲ್ಲ."

ಅವಳ ಚಪ್ಪಲಿಯ ಸದ್ದು ದೂರವಾಯಿತು. ಬಡಗಿ ಅಂಗೈಯಲ್ಲಿದ್ದ ಮೊಳೆಗಳನ್ನು ನೋಡಿಕೊಂಡ. ಒಂದು ಕಡಿಮೆ ಇದ್ದಂತೆ ಅನಿಸಿತು. ಮುಂದಿನ ಎರಡು ದಿನ ಅವನು ಆಗಾಗ ಹೊಟ್ಟೆ ಮುಟ್ಟಿ ನೋಡಿಕೊಳ್ಳುತ್ತಿದ್ದ.

ದನಿ ತಗಡಿನಂತಿದೆ ಎಂಬುದು ಅವನನ್ನು ನೋಯಿಸಿತು, ಇಲ್ಲವೆಂದಲ್ಲ. ಆದರೆ ಅದಕ್ಕಿಂತ ಆಳದಲ್ಲಿ ಇನ್ನೊಂದು ಚುಚ್ಚಿಕೊಂಡಿತ್ತು. ಸಂಬಂಧ ಕೇಳಿದ ಕಾಲಕ್ಕೆ ಹುಡುಗಿಯ ಕಡೆಯಿಂದ ಚಿಕ್ಕಮ್ಮನೊಬ್ಬಳು ಬಂದು, "ಆ ಹಾಡೋ ಹುಡುಗ ಆದ್ರೆ ಸರಿ ಅಂದಿದಾಳೆ" ಎಂದಿದ್ದಳು. ಹಾಡೋ ಹುಡುಗ. ಅವನಿಗೆ ಆಸ್ತಿಯಿರಲಿಲ್ಲ, ಎತ್ತರವಿರಲಿಲ್ಲ, ಅವಳ ಅಕ್ಕನ ಗಂಡನ ಹಾಗೆ ನಾಲ್ಕು ಜನರ ಮುಂದೆ ಮಾತೂ ಬರುತ್ತಿರಲಿಲ್ಲ. ಇದ್ದದ್ದು ದನಿಯೊಂದೇ, ಆ ದನಿಯ ಮೇಲೇ ಸಂಸಾರ ಎದ್ದು ನಿಂತಿದೆ ಎಂದು ನಂಬಿ ಅಷ್ಟೂ ವರ್ಷ ಕಳೆದಿದ್ದ. ಈಗ ನೋಡಿದರೆ ಆ ಕಂಬ ಯಾವತ್ತೂ ನೆಲಕ್ಕೆ ತಾಗಿರಲೇ ಇಲ್ಲ. ಹಾಗಾದರೆ ಮನೆ ನಿಂತಿರುವುದು ಯಾವುದರ ಮೇಲೆ? ಇವಳು ತನ್ನನ್ನು ಮದುವೆಯಾದದ್ದಾದರೂ ಯಾಕೆ?

ನೇರವಾಗಿ ಮನೆಗೆ ಹೋಗಿ ಕೇಳಿಬಿಡಬೇಕೆಂದು ಹೊರಟವನು ಗುರುಮನೆಯ ಬಾಗಿಲ ಹತ್ತಿರ ತಡೆದು ನಿಂತ. ಕೇಳಿಸಿಕೊಂಡದ್ದು ತಪ್ಪಲ್ಲವೇ? ಮೊದಲು ಅದನ್ನು ತೊಳೆದುಕೊಂಡು ಆಮೇಲೆ ಜಗಳವಾಡಿದರೆ ಜಗಳಕ್ಕೂ ಒಂದು ಕಳೆ.

ಗುರುಗಳು ಕೊರಳಿಗೆ ನೇರಳೆ ಪಟ್ಟಿ ಹಾಕಿಕೊಂಡು, ತಮ್ಮ ಓದುವ ಕೋಣೆಯಲ್ಲೇ ಅವನ ಪಾಪನಿವೇದನೆ ಕೇಳಿದರು.

"ಗೂಡಲ್ಲಿ ಕೂತು ಇನ್ನೊಬ್ರ ನಿವೇದನೆ ಕೇಳಿಸ್ಕೊಂಡ್ಯಾ?"

"ಬಾಯಲ್ಲಿ ಮೊಳೆ ಇತ್ತು ಫಾದರ್."

"ಕಾಲಲ್ಲೂ ಮೊಳೆ ಹೊಡ್ಕೊಂಡಿದ್ಯಾ? ಎದ್ದು ಬರಬಹುದಿತ್ತಲ್ಲ."

"ಬರೋ ಹಾಗಿರಲಿಲ್ಲ. ಮಾತು ಅಂಥದ್ದಿತ್ತು. ಅದೇನಂದ್ರೆ…"

ಗುರುಗಳು ಸಂಚಾರಿ ಪೋಲೀಸನಂತೆ ಅಂಗೈ ಎತ್ತಿದರು. "ಯಾರು ಅಂತ ಹೇಳ್ಬೇಡ. ಏನು ಅಂತಲೂ ಹೇಳ್ಬೇಡ. ಪಾಪನಿವೇದನೆ ಅಂದ್ಕೊಂಡು ಹೇಳಿದ ಮಾತು ಯಾರ ಕಿವಿಗೆ ಬಿದ್ರೂ ಅವರ ಬಾಯಿಗೆ ಬೀಗ. ನನಗೆಷ್ಟೋ ನಿನಗೂ ಅಷ್ಟೇ. ಹೇಳೋ ಹಾಗಿಲ್ಲ, ಸನ್ನೆ ಮಾಡೋ ಹಾಗಿಲ್ಲ, ಮುಖ ಸಿಂಡರಿಸೋ ಹಾಗಿಲ್ಲ. ಕೇಳಿದ್ದರಿಂದ ನಿನ್ನ ನಡತೆ ಕೂದಲೆಳೆಯಷ್ಟೂ ಆಚೀಚೆ ಆಗಬಾರದು."

"ಅದು ನನ್ನ ಬಗ್ಗೆನೇ ಆಗಿದ್ರೆ?"

ಗುರುಗಳು ಕಣ್ಣು ಮುಚ್ಚಿದರು. ಅವರ ಮುಖದಲ್ಲಿ, ಇಡೀ ಧರ್ಮಕೇಂದ್ರದಲ್ಲಿ ಬಡಗಿಯ ಬಗ್ಗೆ ನಿವೇದಿಸಲು ಕಾರಣವಿರುವವರು ಯಾರ್ಯಾರೆಂಬ ಸಣ್ಣ ಪಟ್ಟಿಯೊಂದು ಬೇಡವೆಂದರೂ ಹಾದುಹೋಯಿತು. "ಈಗ ನೀನು ಹೇಳಿದ್ದು ನನಗೆ ಕೇಳಿಸಲಿಲ್ಲ," ಎಂದರು. "ನೋಡು, ಉದಾಹರಣೆಗೆ, ನನ್ನ ಅಡುಗೆಯವಳು ಬಂದು, ಫಾದರ್, ಊಟಕ್ಕೆ ಬೇಕೂಂತ್ಲೇ ಉಪ್ಪು ಸುರಿದಿದೀನಿ ಅಂತ ನಿವೇದನೆ ಮಾಡಿದ್ಲು ಅಂತಿಟ್ಕೋ. ನಾನು ಆ ಊಟಾನ ಮುಖ ಅರಳಿಸ್ಕೊಂಡು ಉಣ್ಣಬೇಕು."

"ಹಾಗೇನಾದ್ರೂ ಆಗಿದ್ಯಾ ಫಾದರ್?"

"ಬರೀ ಉದಾಹರಣೆ," ಎಂದರು ಗುರುಗಳು, ಮೇಜಿನ ಮೇಲಿದ್ದ ದೊಡ್ಡ ಲೋಟದ ನೀರನ್ನು ಒಂದೇ ಉಸಿರಿಗೆ ಕುಡಿದು ಮುಗಿಸುತ್ತ.

ಗುರುಗಳು ತೋರಿಸಿದ ದಾರಿ ಒಂದೇ ಇತ್ತು. ಹೇಳಿದವರೇ ತಾವಾಗಿ, ನಿವೇದನೆಯ ಹೊರಗೆ, ಅವನಿಗೆ ಹೇಳಬೇಕು. ಆಗ ಅವನಿಗೆ ಗೊತ್ತು. ಅಲ್ಲಿಯವರೆಗೆ ಅವನಿಗೆ ಗೊತ್ತಿಲ್ಲ.

"ಗೊತ್ತಿರೋದನ್ನ ಗೊತ್ತಿಲ್ಲ ಅಂತ ಹೇಗೆ ಫಾದರ್ ಬದುಕೋದು?"

"ಮದುವೆಯಾಗಿ ಎಷ್ಟು ವರ್ಷ ಆಯ್ತು?"

"ಭಾನುವಾರಕ್ಕೆ ಇಪ್ಪತ್ತೈದು."

"ಹಾಗಾದ್ರೆ ಅಭ್ಯಾಸ ಇರತ್ತೆ," ಎಂದು ಗುರುಗಳು ಒಂದು ಜಪಸರದ ಪ್ರಾಯಶ್ಚಿತ್ತ ಕೊಟ್ಟು ಕಳಿಸಿದರು.

ಮನೆಯಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಲೋಟ ಬಂತು. ಬಿಸಿನೀರು, ಮೇಲೆ ಹಬೆ. ಬಡಗಿ ಅದನ್ನು ಧರ್ಮಶಾಸ್ತ್ರದ ಪ್ರಶ್ನೆಯಂತೆ ದಿಟ್ಟಿಸಿದ. ನಿನ್ನೆಯ ಬಡಗಿಯಾಗಿದ್ದರೆ ಏನು ಕೇಳುತ್ತಿದ್ದ?

"ಐಸ್ ಇಲ್ವಾ?"

"ಐಸ್ ಬೇಡ. ಗಂಟಲಿಗೆ ಒಳ್ಳೇದಲ್ಲ."

"ನನಗೆ ಐಸ್ ಬೇಕು."

"ಬೇಡ ಅಂದೆನಲ್ಲ."

"ನಿನ್ನೆ ಕೊಟ್ಟೆ."

"ನಿನ್ನೆದು ನಿನ್ನೆಗೆ."

ಅವನಿಗೆ ಐಸ್ ಬೇಕಿರಲಿಲ್ಲ. ಅದನ್ನು ನೆನೆದರೇ ಹಲ್ಲು ಜುಮ್ಮೆನ್ನುತ್ತಿತ್ತು. ಆದರೆ ಬೀಗ ಬೀಗವೇ. ಗುಟ್ಟು ಕಾಯಲಿಕ್ಕಾಗಿ ಅವನು ಐಸಿಗೆ ಹಟ ಹಿಡಿದ. ಪಶ್ಚಾತ್ತಾಪ ಕಾಯಲಿಕ್ಕಾಗಿ ಅವಳು ಕೊಡೆನೆಂದು ಹಟ ಹಿಡಿದಳು. ಮೂಲೆಯಲ್ಲಿ ಕೂತ ಮುದುಕಿ ಇಬ್ಬರನ್ನೂ ನೋಡಿ, "ಈ ವಯಸ್ಸಲ್ಲಿ ನೀರಿಗೆ ಜಗಳ ಆಡ್ತಾರೆ ಅಂದ್ರೆ ಇನ್ನೂ ಪ್ರೀತಿ ಇದೆ," ಎಂದು ತೀರ್ಪಿತ್ತಳು.

ರಾತ್ರಿಯ ಊಟಕ್ಕೆ ಮುಂಚೆ ಅವನು ದಿನದಂತೆ ಅಭ್ಯಾಸಕ್ಕೆ ನಿಂತ. ಹಾಡದಿದ್ದರೆ ನಡತೆ ಬದಲಾದಂತೆ. ಮೆಲ್ಲಗೆ ಹಾಡಿದರೂ ಬದಲಾದಂತೆ. ಆದ್ದರಿಂದ ತಗಡನ್ನು ಪೂರ್ತಿ ದೂರ ಎಳೆದ. ಮೊಟ್ಟಮೊದಲ ಬಾರಿಗೆ ಅವನು ತನ್ನ ಹಾಡನ್ನು ತಾನೇ ಕೇಳಿದ, ಮತ್ತು ಹೆಂಡತಿಯ ಹೋಲಿಕೆಯಲ್ಲಿ ಉತ್ಪ್ರೇಕ್ಷೆಯಿಲ್ಲವೆಂದು ಕಂಡುಕೊಂಡ. ಮುಗಿಸಿ, ಕೇಳಲೇಬೇಕಾದ ಪ್ರಶ್ನೆ ಕೇಳಿದ.

"ಹೇಗಿತ್ತು?"

ಜೇನು ಬರಲಿಲ್ಲ. ಹೆಂಡತಿ ತರಕಾರಿ ಹೆಚ್ಚುವುದನ್ನು ನಿಲ್ಲಿಸಿ ಮೇಲ್ಛಾವಣಿ ನೋಡಿದಳು.

"ಪದ ಎಲ್ಲ ಸ್ಪಷ್ಟವಾಗಿತ್ತು," ಎಂದಳು.

ಗುರುವಾರ ಕೇಳಿದಾಗ, "ನಿಮ್ಮ ಹಾಗೆ ಹಾಡೋರು ಇನ್ನೊಬ್ರಿಲ್ಲ," ಎಂದಳು. ಶುಕ್ರವಾರ, "ಪಕ್ಕದ ಮನೆಯವರಿಗೂ ಕೇಳಿಸ್ತಂತೆ. ಅವರೇ ಬಂದು ಹೇಳಿದ್ರು." ಒಂದೂ ಸುಳ್ಳಲ್ಲ. ಬಡಗಿ ಅಷ್ಟು ನಾಜೂಕಾದ ಕೆತ್ತನೆಯನ್ನು ತನ್ನ ಕಸುಬಿನಲ್ಲೂ ಕಂಡಿರಲಿಲ್ಲ. ಒಳಗೊಳಗೇ ನಗು ಉಕ್ಕಿ ಬಂದು ಪಕ್ಕೆ ನೋಯುತ್ತಿತ್ತು. ನಕ್ಕರೆ ಬೀಗ ಒಡೆದಂತೆ ಎಂದು ಹಿತ್ತಲಿಗೆ ಓಡಿ ಗೋಡೆಗೆ ಹಣೆ ಹಚ್ಚಿ ನಿಲ್ಲುತ್ತಿದ್ದ. ನಗು ಇಳಿದ ಮೇಲೆ ಅದೇ ಮುಳ್ಳು. ಮತ್ತೆ ಯಾಕೆ ಮದುವೆಯಾದೆ ಮಾರಾಯ್ತಿ? ಆ ಪ್ರಶ್ನೆ ನಾಲಿಗೆಯ ತುದಿಯವರೆಗೆ ಬರುತ್ತಿತ್ತು; ಅವನು ಅದನ್ನು ಮೊಳೆಯಂತೆ ತುಟಿಯಲ್ಲಿ ಕಚ್ಚಿ ಹಿಡಿಯುತ್ತಿದ್ದ.

ಶನಿವಾರ ಸಂಜೆ ಪಾಪನಿವೇದನೆಯ ಸಾಲಿನಲ್ಲಿ ಹೆಂಡತಿ ನಿಂತದ್ದನ್ನು ಬಡಗಿ ದೂರದ ಬೆಂಚಿನಿಂದ ಕಂಡ. ಬುಧವಾರ ಪಾಪವಿಮೋಚನೆಯ ಮಾತು ಕೇಳದೆಯೇ ಎದ್ದುಹೋದದ್ದು ಅವಳನ್ನು ಕೊರೆದಿರಬೇಕು. ಒಳಗೆ ಹೋದಳು. ಬಹಳ ಹೊತ್ತಾಯಿತು. ಹೊರಗೆ ಬಂದವಳ ಮುಖ ಕೆಂಪಾಗಿತ್ತು. ಬಲಿಪೀಠದ ಮುಂದೆ ಮೊಣಕಾಲೂರಿ ಪ್ರಾಯಶ್ಚಿತ್ತದ ಜಪ ಮಾಡಲಿಲ್ಲ. ಬಡಗಿಯ ಎದುರೇ ಬಂದು ನಿಂತು, ವಿಳಾಸವಿಲ್ಲದ ಪಾರ್ಸೆಲ್ ನೋಡುವಂತೆ ಅವನನ್ನು ನೋಡಿ, "ಮನೆಗೆ ನಡೀರಿ, ಮಾತಿದೆ," ಎಂದಳು. ಅವಳ ಹಿಂದೆಯೇ ಗುರುಗಳು ಗೂಡಿನ ಬಾಗಿಲು ತೆರೆದು ಗಾಳಿಗೆಂದು ತಲೆ ಹೊರಹಾಕಿದವರು, ಬಡಗಿಯನ್ನು ಕಂಡು, ಎರಡೂ ಕಡೆಯ ಕಥೆ ತಮ್ಮ ಹೊಟ್ಟೆಗೇ ಬಂದು ಸೇರಿದವರ ಮುಖದಲ್ಲಿ ತಲೆಯನ್ನು ಒಳಗೆಳೆದುಕೊಂಡರು.

ಬಡಗಿ ಬೆಂಚಿನಿಂದ ತಟ್ಟನೆ ಎದ್ದ. ಹೇಳುತ್ತಾಳೆ. ತಾನಾಗಿಯೇ ಹೇಳುತ್ತಾಳೆ.

ಆದರೆ ಮನೆಯಲ್ಲಿ ಅಕ್ಕ ಬಂದಿಳಿದಿದ್ದಳು, ಗಂಡನ ಸಮೇತ, ಕೇಕಿನ ಪೆಟ್ಟಿಗೆ ಸಮೇತ. ಅಕ್ಕನ ಗಂಡ ತಾನು ಬಂದ ದಾರಿಯ ವರ್ಣನೆಯನ್ನು ಮೊದಲ ತಿರುವಿನಿಂದ ಆರಂಭಿಸಿದ್ದ. ಹೆಂಡತಿ ಬಡಗಿಯನ್ನು ಅಡುಗೆಮನೆಗೆ ಕರೆದು, "ರೀ, ಒಂದು ವಿಷಯ," ಎಂದಳು. ಮುದುಕಿ ತನ್ನ ಕನ್ನಡಕ ಹುಡುಕುತ್ತ ಬಂದಳು. ಕನ್ನಡಕ ಮುದುಕಿಯ ತಲೆಯ ಮೇಲೆಯೇ ಇತ್ತು. ಹೆಂಡತಿ ಅವನನ್ನು ಹಿತ್ತಲಿಗೆ ಕರೆದು, "ರೀ, ಕೋಪ ಮಾಡ್ಕೋಬಾರ್ದು," ಎಂದಳು. "ಮಾಡ್ಕೊಳ್ಳಲ್ಲ, ಹೇಳು, ಬೇಗ ಹೇಳು," ಎಂದ ಬಡಗಿ, ಹಾಗೆ ಅವಸರಿಸುವುದೂ ಸನ್ನೆಯಾಗುತ್ತದೆಯೇ ಎಂದು ಹೆದರಿ ನಾಲಿಗೆ ಕಚ್ಚಿಕೊಂಡ. ಅಷ್ಟರಲ್ಲಿ ಬಾಗಿಲು ತಟ್ಟಿದವರು ಗಾನಮೇಷ್ಟ್ರು.

"ನಾಳೆ ಹೊತ್ತಾಗಬಹುದು," ಎಂದರು ಮೇಷ್ಟ್ರು, ತಮ್ಮ ಟೋಪಿಯನ್ನು ಹಿಂಡುತ್ತ. "ಒಂದೇ ಚರಣ ಸಾಕಲ್ವಾ? ಅಥವಾ ಅರ್ಧ. ನೀವು ಬರೀ ಮನಸ್ಸಲ್ಲೇ ಹಾಡಿದ್ರೂ ದೇವರಿಗೆ ಕೇಳತ್ತೆ."

ಅದು ಎಂಥ ಬಿಡುಗಡೆಯಾಗಿತ್ತೆಂಬುದು ಬಡಗಿಯೊಬ್ಬನಿಗೇ ಗೊತ್ತು. ಹೂಂ ಎಂದರೆ ಮುಗಿಯಿತು. ಆದರೆ ಮಂಗಳವಾರದ ಬಡಗಿ ಹೂಂ ಅನ್ನುತ್ತಿದ್ದನೇ?

"ಮೂರೂ ಹಾಡ್ತೀನಿ," ಎಂದ, ಅಳುವ ದನಿಯಲ್ಲಿ. ಮೇಷ್ಟ್ರು ಅದನ್ನು ಭಕ್ತಿ ಎಂದುಕೊಂಡು ಹೊರಟುಹೋದರು.

ಭಾನುವಾರ. ಮುಂದುಗಡೆ ಎರಡು ಕುರ್ಚಿ ಹಾಕಿ ಗಂಡಹೆಂಡತಿಯನ್ನು ಕೂರಿಸಿದರು. ಪ್ರಬೋಧನೆಯಲ್ಲಿ ಗುರುಗಳು ದಾಂಪತ್ಯದ ತಳಹದಿ ಪ್ರಾಮಾಣಿಕತೆ ಎಂದರು, ಎಂದ ತಕ್ಷಣ ಇಬ್ಬರನ್ನೂ ನೋಡಿದರು, ನೋಡಿದ್ದಕ್ಕೆ ಗಾಬರಿಯಾಗಿ ದಾಂಪತ್ಯ ಬಿಟ್ಟು ಧರ್ಮಪ್ರಚಾರದ ವಿಷಯಕ್ಕೆ ಜಿಗಿದರು. ವಾಗ್ದಾನ ಮುಗಿಯಿತು. ಪೂಜೆ ಮುಂದಕ್ಕೆ ಸಾಗಿತು. ಪರಲೋಕ ಪ್ರಾರ್ಥನೆಯೂ ಆಯಿತು. ಕೊನೆಗೆ ಗುರುಗಳು, "ಒಬ್ಬರಿಗೊಬ್ಬರು ಶಾಂತಿಯನ್ನು ಹಂಚಿಕೊಳ್ಳಿ," ಎಂದರು.

ಹೆಂಡತಿ ಅವನ ಕಡೆ ತಿರುಗಿ, ಎರಡೂ ಕೈಗಳನ್ನು ಹಿಡಿದು, ಕ್ರಿಸ್ತನ ಶಾಂತಿ ಎನ್ನಬೇಕಾದ ಜಾಗದಲ್ಲಿ, "ರೀ, ನಿಮ್ಮ ದನಿ ಚೆನ್ನಾಗಿಲ್ಲ," ಎಂದಳು.

"ಹೌದಾ," ಎಂದ ಬಡಗಿ. ಸ್ವಲ್ಪ ಬೇಗನೇ ಎಂದ. ಆಶ್ಚರ್ಯಪಡುವುದನ್ನು ಕೆಲಸದ ಕೊಟ್ಟಿಗೆಯ ಒಡೆದ ಕನ್ನಡಿಯೆದುರು ಅಭ್ಯಾಸ ಮಾಡಿದ್ದ. ಹುಬ್ಬುಗಳು ಮಾತ್ರ ಮಾತು ಮುಗಿದ ಮೇಲೆ ಏರಿದವು.

"ಯಾವತ್ತೂ ಚೆನ್ನಾಗಿರಲಿಲ್ಲ."

"ಶಾಂತಿ ನಿಮ್ಮೊಂದಿಗಿರಲಿ," ಎಂದು ಔಷಧಿ ಅಂಗಡಿಯ ವಿಧವೆ ನಡುವೆ ಕೈ ಚಾಚಿದಳು.

"ನಿಮ್ಮೊಂದಿಗೂ," ಎಂದ ಬಡಗಿ, ಮತ್ತೆ ಹೆಂಡತಿಯತ್ತ ತಿರುಗಿ, "ಜೇನು ಅಂತಿದ್ದೆ?"

"ಸುಳ್ಳು. ಐಸ್ ನೀರೂ ಬೇಕೂಂತ್ಲೇ ಕೊಟ್ಟೆ, ಗಂಟಲು ಕಟ್ಟಲಿ ಅಂತ."

"ಶಾಂತಿ, ಶಾಂತಿ," ಎಂದ ಅಕ್ಕನ ಗಂಡ, ಭಾಷಣದ ಧಾಟಿಯಲ್ಲಿ.

"ಶಾಂತಿ," ಎಂದ ಬಡಗಿ ಅವನ ಕೈಯನ್ನು ಮೇಲಕ್ಕೂ ಕೆಳಕ್ಕೂ ಕುಲುಕಿ, ಆ ಕಡೆಗೆ ತಳ್ಳಿ. ಬೀಗ ಬಿಚ್ಚಿಕೊಂಡಿತ್ತು. ಈಗ ಅವನಿಗೆ ಗೊತ್ತು, ನ್ಯಾಯವಾಗಿಯೇ ಗೊತ್ತು. ಬುಧವಾರದಿಂದ ಕಚ್ಚಿ ಹಿಡಿದದ್ದನ್ನು ಉಗುಳಿದ. "ಮತ್ತೆ, ಹಾಡೋ ಹುಡುಗ ಆದ್ರೆ ಸರಿ ಅಂದಿದ್ಯಂತೆ. ಯಾಕೆ ಅಂದೆ? ನನ್ನನ್ನ ಯಾಕೆ ಮದುವೆ ಆದೆ?"

ಇದು ಅವಳ ನಿರೀಕ್ಷೆಯಲ್ಲಿರಲಿಲ್ಲ. ಮುಖ ಕಿವಿಯವರೆಗೂ ಕೆಂಪಾಯಿತು.

"ನೀವು ಹಾಡುವಾಗ ಕಣ್ಣು ಮುಚ್ಕೋತಿದ್ರಿ."

"ಅದಕ್ಕೆ?"

"ಅದಕ್ಕೆ ಆರಾಮಾಗಿ ನೋಡಬಹುದಿತ್ತು. ಪಕ್ಕದಲ್ಲೇ ಅಪ್ಪ ಕೂತಿದ್ರೂ, ಮಗಳು ಗಾನವೃಂದ ನೋಡ್ತಿದಾಳೆ, ಎಂಥ ಭಕ್ತಿ ಅಂದ್ಕೊಳ್ಳೋರು. ಬೇರೆ ಹುಡುಗ್ರನ್ನ ನೋಡಿದ್ರೆ ಅವರೂ ತಿರುಗಿ ನೋಡೋರು, ರಂಪ. ನೀವೊಬ್ರೇ ಪುಕ್ಕಟೆ ಸಿಗ್ತಿದ್ದೋರು."

"ಏನು ನೋಡ್ತಿದ್ದೆ?"

"ಎಲ್ಲಾ ಚರಣಾನೂ ನೋಡ್ತಿದ್ದೆ."

"ಚರಣ ಅಲ್ಲ. ನನ್ನಲ್ಲಿ ಏನು ನೋಡ್ತಿದ್ದೆ?"

"ಪೂಜೆ ನಡೀತಿದೆ ರೀ," ಎಂದಳು ಹೆಂಡತಿ, ಸೆರಗಿನಂಚಿನಲ್ಲಿ ಬಾಯಿ ಮುಚ್ಚಿಕೊಂಡು.

"ಏನದು ಗುಸುಗುಸು?" ಎಂದು ಮುದುಕಿ ಹಿಂದಿನಿಂದ ಬಡಗಿಯ ಬೆನ್ನು ತಿವಿದಳು. "ಶಾಂತಿ ಹೇಳೋದಕ್ಕೆ ಇಷ್ಟು ಹೊತ್ತಾ? ನನಗಿನ್ನೂ ಯಾರೂ ಹೇಳಿಲ್ಲ."

ಬಡಗಿ ತಾಯಿಗೆ ಶಾಂತಿ ಹೇಳಿದ. ಅಷ್ಟಕ್ಕೇ ನಿಲ್ಲದೆ ಹಿಂದಿನ ಸಾಲಿಗೆ ಹೇಳಿದ, ಅದರ ಹಿಂದಿನದಕ್ಕೆ ಹೇಳಿದ, ನಡುದಾರಿಯನ್ನು ದಾಟಿ ಆಚೆ ಕಡೆಯವರಿಗೂ ಹೇಳಿದ. ಹಿಂದೆಂದೂ ಮಾತಾಡಿಸದ ಒಬ್ಬ ತೆರಿಗೆ ಗುಮಾಸ್ತನನ್ನು ಅಪ್ಪಿಕೊಂಡ. ಬಲಿಪೀಠದಲ್ಲಿ ಗುರುಗಳು ಕೆಮ್ಮಿದರು. ಮದುಮಗ ತನ್ನ ಕುರ್ಚಿಗೆ ಬಂದು ಕೂತಾಗ ಅವನ ಭುಜಗಳು ಕುಣಿಯುತ್ತಿದ್ದವು. ಪಕ್ಕದಲ್ಲಿ ಹೆಂಡತಿಯದೂ ಅದೇ ಸ್ಥಿತಿ. ಅಕ್ಕ ಅದನ್ನು ಅಳುವೆಂದು ತಿಳಿದು, ತಾನೂ ಒಂದಿಷ್ಟು ಅತ್ತಳು.

ಪರಮಪ್ರಸಾದವಾಯಿತು. ಮೌನವಾಯಿತು. ಮೇಷ್ಟ್ರು ವಾದ್ಯದ ಮುಂದೆ ಕೂತು, ಹಲ್ಲು ಕೀಳಿಸಿಕೊಳ್ಳಲು ಬಂದವರಂತೆ ಬಡಗಿಯತ್ತ ನೋಡಿದರು.

"ಹಾಡ್ಲಾ, ಬೇಡ್ವಾ?" ಎಂದು ಬಡಗಿ ಪಿಸುಗುಟ್ಟಿದ. ಈಗ ಅವನಿಗೆ ಎರಡಕ್ಕೂ ಸ್ವಾತಂತ್ರ್ಯವಿತ್ತು.

ಹೆಂಡತಿ ಒಮ್ಮೆ ಅಕ್ಕನ ಕಡೆ ನೋಡಿದಳು. ಅಕ್ಕ ಕರವಸ್ತ್ರ ಹಿಡಿದು ಸಿದ್ಧಳಾಗಿದ್ದಳು. ಅಕ್ಕನ ಗಂಡ ಕಾಲಿನ ಮೇಲೆ ಕಾಲು ಹಾಕಿ ಪರೀಕ್ಷಕನಂತೆ ಕೂತಿದ್ದ. ಹೆಂಡತಿ ಬಡಗಿಯತ್ತ ತಿರುಗಿದಳು.

"ಹಾಡಿ," ಎಂದಳು. "ನಾನು ನೋಡ್ಬೇಕು."

ಬಡಗಿ ಎದ್ದು ನಿಂತು, ಗಂಟಲು ಸರಿಪಡಿಸಿಕೊಂಡು, ಕಣ್ಣು ಮುಚ್ಚಿದ. ಮೊದಲ ಸಾಲಿನಲ್ಲೇ ಮೇಷ್ಟ್ರ ಎಡಗೈ ತಾನಾಗಿ ಎದ್ದು, ಕೆಳಕ್ಕೆ ಒತ್ತಿ ಒತ್ತಿ, ಸೋತು ಕೂತಿತು. ಎರಡನೆಯ ಚರಣದ ನಡುವೆ ಬಡಗಿ ಒಂದು ಕಣ್ಣನ್ನು ಚೂರೇ ಚೂರು ತೆರೆದು ನೋಡಿದ. ಹೆಂಡತಿ ಬಲಿಪೀಠವನ್ನು ನೋಡುತ್ತಿರಲಿಲ್ಲ. ಅವನು ಮತ್ತೆ ಕಣ್ಣು ಮುಚ್ಚಿದ.

ಮೂರು ಚರಣಗಳನ್ನೂ ಹಾಡಿದ. ದನಿ ಚೆನ್ನಾಗಿರಲಿಲ್ಲ.